ಯಾವ ಬಸ್ಸು ಹೊರಟಿತು?

ಜೂನ್ 18, ಬುಧವಾರ

ಇವತ್ತು ಕಾಲೇಜಿಗೆ ಹೋಗಲಾಗಲಿಲ್ಲ. ಮೂವತ್ತೊಂದು ವರ್ಷದ ನೌಕರಿಯಲ್ಲಿ ಹೇಳದೆ ಕೇಳದೆ ರಜೆ ಹಾಕಿದ್ದು ಇದು ಎರಡನೇ ಸಲ. ಮೊದಲನೆಯದು ಅತ್ತೆ ತೀರಿಕೊಂಡ ದಿನ.

ಬೆಳಿಗ್ಗೆ ಎಂಟೂ ಹತ್ತು. ಬಾಳ್ಳುಪೇಟೆ ಸ್ಟ್ಯಾಂಡಿನಲ್ಲಿ ಹಾನುಬಾಳಿಗೆ ಹೋಗುವ ‘ಗಿರಿಜಾ’ ಬಸ್ಸು ನಿಂತಿತ್ತು. ನನ್ನದು ಎಂದಿನ ಸೀಟು, ಮುಂಬಾಗಿಲ ಹಿಂದಿನ ಕಿಟಕಿ. ಮಳೆ ಹೊಯ್ಯುತ್ತಿತ್ತು, ಸ್ಟ್ಯಾಂಡಿನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ, ಎಲ್ಲ ಅಂಗಡಿಗಳ ಸೂರಿನಡಿ ಸೇರಿದ್ದರು. ಕಿಟಕಿಯಿಂದಲೇ ಕಾಫಿ ತರಿಸಿಕೊಂಡೆ. ಆ ಹೋಟೆಲಿನವನಿಗೆ ಅಳತೆಯೇ ಗೊತ್ತಿಲ್ಲ, ಕಾಗದದ ಕಪ್ಪಿಗೆ ಅಂಚಿನವರೆಗೆ ಸುರಿದು ಕೊಡುತ್ತಾನೆ. ಆರಲಿ ಎಂದು ಕೈಯಲ್ಲಿ ಹಿಡಿದು ಕೂತಿದ್ದೆ.

ನಮ್ಮ ಕಾಲೇಜಿನ ಅಟೆಂಡರ್ ಗಂಗಾಮಣಿ ನಮ್ಮ ಬೀದಿಯವಳೇ. ದಿನವೂ ಇಬ್ಬರೂ ಒಂದೇ ಬಸ್ಸು. ಒಳಗೆ ಕೂತರೆ ಹೊಟ್ಟೆ ತೊಳೆಸುತ್ತದೆ ಎಂದು ಹೊರಡುವವರೆಗೂ ಫುಟ್‌ಬೋರ್ಡಿನ ಮೇಲೆ ಹೊರಗೆ ಮುಖ ಮಾಡಿಕೊಂಡು ನಿಲ್ಲುವುದು ಅವಳ ಅಭ್ಯಾಸ. ಇವತ್ತೂ ನಿಂತಿದ್ದಳು. ಕಂಡಕ್ಟರ್ ಇನ್ನೂ ಹತ್ತಿರಲಿಲ್ಲ, ವಿಸಲ್ ಊದಿರಲಿಲ್ಲ. ಆ ಡ್ರೈವರ್ ಹುಚ್ಚಣ್ಣ ಇಂಜಿನ್ ಚಾಲೂ ಇಟ್ಟುಕೊಂಡು ಕೂತಿದ್ದವನು ಬಸ್ಸನ್ನು ಮುಂದಕ್ಕೆ ತೆಗೆದುಬಿಟ್ಟ. ಗಂಗಾಮಣಿ ಓಲಾಡಿ ಕೆಳಗೆ ಬಿದ್ದಳು. ಬಿದ್ದ ಸದ್ದು ಈಗಲೂ ಕಿವಿಯಲ್ಲಿದೆ.

‘ಬಸ್ಸು ತೆಗೆದುಬಿಟ್ಟನಲ್ಲ!’ ಎಂದು ಮೊದಲು ಕೂಗಿದವಳು ನಾನೇ. ಬಸ್ಸಿನಲ್ಲಿದ್ದ ನಾಲ್ಕು ಜನವೂ ಕೂಗಿದರು. ಹಾಗೆ ಗಾಬರಿಯಾದರೂ ನಾನು ಕಪ್ಪನ್ನು ಕಿಟಕಿಯ ಸಂದಿಗೆ ನೆಟ್ಟಗೆ ಇಟ್ಟೇ ಇಳಿದೆ, ಸೀರೆಯ ಮೇಲೆ ಒಂದು ಹನಿ ಬೀಳಲಿಲ್ಲ. ಲ್ಯಾಬಿನಲ್ಲಿ ಪಳಗಿದ ಕೈ. ಅವಳನ್ನು ಜೀಪಿಗೆ ಹತ್ತಿಸಿ ಬ್ಯಾಗು ತರಲು ಬಂದಾಗ ಕಾಫಿ ಕೆನೆ ಕಟ್ಟಿತ್ತು. ತುಂಬಿದ ಕಪ್ಪು ಹಾಗೇ ಚೆಲ್ಲಬೇಕಾಯಿತು.

ಸೊಂಟದ ಮೂಳೆ ಮುರಿದಿದೆ. ಹಾಸನದಲ್ಲಿ ಆಪರೇಷನ್. ಜೀಪಿನಲ್ಲಿ ದಾರಿಯುದ್ದಕ್ಕೂ ನನ್ನ ಕೈ ಹಿಡಿದಿದ್ದಳು, ‘ಬೆಲ್ ಯಾರ್ ಹೊಡೀತಾರೆ ಮೇಡಂ’ ಅಂತ ಅದೇ ಚಿಂತೆ. ಆ ಡ್ರೈವರಿಗೆ ತಕ್ಕ ಶಾಸ್ತಿಯಾಗಬೇಕು.

ಜೂನ್ 19, ಗುರುವಾರ

ಠಾಣೆಯಲ್ಲಿ ಹೇಳಿಕೆ ಕೊಟ್ಟು ಬಂದೆ. ಎಸ್ಸೈ ಪ್ರತಾಪ್ ನನ್ನ ಹಳೇ ವಿದ್ಯಾರ್ಥಿ. ಎದ್ದು ನಿಂತು ಕುರ್ಚಿ ಹಾಕಿಸಿದ. ‘ಮೇಡಂ, ನೀವೇ ನೋಡಿದ್ರಾ? ಹಾಗಾದ್ರೆ ಮುಗೀತು ಬಿಡಿ’ ಎಂದ.

ಆ ಡ್ರೈವರ್ ಅಲ್ಲೇ ಬೆಂಚಿನ ಮೇಲಿದ್ದ. ‘ನಾನು ಹ್ಯಾಂಡ್‌ಬ್ರೇಕೇ ತೆಗ್ದಿಲ್ಲ ಮೇಡಂ, ಮಕ್ಕಳಾಣೆಗೂ ಬಸ್ಸು ಅಲ್ಲಾಡಿಲ್ಲ’ ಅಂತ ಒಂದೇ ಸಮ. ನಾನು ಹೇಳಿದೆ: ‘ನೋಡಪ್ಪಾ, ನಾನು ಫಿಸಿಕ್ಸ್ ಓದಿಸೋಳು. ಯಾವುದು ಚಲಿಸ್ತಾ ಇದೆ, ಯಾವುದು ನಿಂತಿದೆ ಅಂತ ನನಗೆ ಗೊತ್ತಾಗಲ್ವಾ?’

ತಲೆ ತಗ್ಗಿಸಿದ. ಪ್ರತಾಪ್ ನಕ್ಕ. ಆ ಮಾತನ್ನೂ ಸೇರಿಸಿ ಬರೆದುಕೊಂಡನಂತೆ. ಲೈಸೆನ್ಸ್ ಜಪ್ತಿ ಮಾಡಿದ್ದಾರೆ.

ಜೂನ್ 25, ಬುಧವಾರ

ಬಸ್ಸಿಗೆ ಹೊಸ ಡ್ರೈವರ್ ಬಂದಿದ್ದಾನೆ. ಬ್ರೇಕ್ ಹಾಕಿದರೆ ಹಿಂದಿನವರ ಹಲ್ಲು ಮುಂದಿನ ಸೀಟಿಗೆ. ಬಾಗಿಲ ಬಳಿ ಗಂಗಾಮಣಿ ಇಲ್ಲದ್ದು ಬಾಯೊಳಗೆ ಒಂದು ಹಲ್ಲು ಬಿದ್ದಂತಿದೆ. ಕಾಲೇಜಿನಲ್ಲಿ ಬೆಲ್ ಹೊಡೆಯುವವರು ದಿನಕ್ಕೊಬ್ಬರು. ನನ್ನ ಎರಡನೇ ಪೀರಿಯಡ್ಡು ಇವತ್ತು ಮೂವತ್ತೇಳು ನಿಮಿಷಕ್ಕೇ ಮುಗಿಯಿತು.

ಜುಲೈ 4, ಶುಕ್ರವಾರ

ಇಪ್ಪತ್ತಾರರಂದು ವಿಜ್ಞಾನ ಸಂಘದ ಉದ್ಘಾಟನೆ. ಪ್ರಿನ್ಸಿಪಾಲರು ವಿಶೇಷ ಉಪನ್ಯಾಸ ನನಗೇ ಹಚ್ಚಿದ್ದಾರೆ. ವಿಶೇಷ ಸಾಪೇಕ್ಷತಾ ಸಿದ್ಧಾಂತ ಹೇಳುತ್ತೇನೆ ಎಂದೆ. ಸಿಲಬಸ್‌ನಲ್ಲಿಲ್ಲ, ಆದರೂ ಮಕ್ಕಳಿಗೆ ಒಮ್ಮೆಯಾದರೂ ತಲೆ ತಿರುಗಬೇಕು.

ಸಂಜೆ ಅಡುಗೆಮನೆಯಲ್ಲಿ ಇವರ ಮೇಲೆ ಪ್ರಯೋಗ ಮಾಡಿದೆ. ಹಾರ್ಡ್‌ವೇರ್ ಅಂಗಡಿ ನಡೆಸುವ ಮಹಾದೇವಯ್ಯನವರಿಗೆ ಅರ್ಥವಾದರೆ ಹಾನುಬಾಳಿನ ಮಕ್ಕಳಿಗೆ ಆದ ಹಾಗೆ. ‘ಓಡುವ ಬಸ್ಸಿನಿಂದ ಮುಂದಕ್ಕೆ ಕಲ್ಲು ಎಸೆದರೆ ಕಲ್ಲಿಗೆ ಬಸ್ಸಿನ ವೇಗವೂ ಸೇರುತ್ತೆ. ಆದರೆ ಬಸ್ಸಿನ ದೀಪದ ಬೆಳಕಿಗೆ ಸೇರೋದಿಲ್ಲ. ನಿಂತು ಅಳೆದವನಿಗೂ ಓಡುತ್ತಾ ಅಳೆದವನಿಗೂ ಬೆಳಕಿನ ವೇಗ ಒಂದೇ’ ಎಂದೆ.

‘ಅದು ಹೆಂಗೆ?’

‘ಅದು ಹಾಗಿರಬೇಕಾದರೆ ಇಬ್ಬರ ಗಡಿಯಾರಗಳು ಬೇರೆ ಬೇರೆ ಓಡಬೇಕು. ಓಡುವವರ ಗಡಿಯಾರ ನಿಂತವರ ಲೆಕ್ಕಕ್ಕೆ ನಿಧಾನ.’

ಇವರು ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ‘ಮೂವತ್ತೊಂದು ವರ್ಷ ಬಸ್ಸಲ್ಲೇ ಓಡಾಡಿದೀಯ. ವಯಸ್ಸು ನಿಂಗೆ ಕಮ್ಮಿ ಆಗ್ಬೇಕಿತ್ತಲ್ಲೇ?’

ಲೆಕ್ಕ ಹಾಕಿ ತೋರಿಸಿದೆ. ಒಂದು ಸೆಕೆಂಡನ್ನು ಮೂರು ಕೋಟಿ ಚೂರು ಮಾಡಿದರೆ ಅದರಲ್ಲೊಂದು ಚೂರಿನಷ್ಟು ನಾನು ಚಿಕ್ಕವಳಾಗಿದ್ದೇನೆ. ‘ಅದಕ್ಕೇ ನನ್ ಕಣ್ಣಿಗೆ ಬಿದ್ದಿಲ್ಲ’ ಎಂದರು.

ಜುಲೈ 10, ಗುರುವಾರ

ಮನಸ್ಸು ಸರಿಯಿಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಪ್ರಥಮ ಪಿಯುಸಿಗೆ ಸಾಪೇಕ್ಷ ಚಲನೆಯ ಪಾಠ. ಚಲನೆ ಎಂದರೆ ಯಾವುದಕ್ಕೆ ಹೋಲಿಸಿ ಎಂದು ಹೇಳದೆ ಮಾತಿಗೆ ಅರ್ಥವಿಲ್ಲ, ಒಂದೇ ವೇಗದಲ್ಲಿ ನೇರ ಹೋಗುವ ರೈಲಿನ ಕಿಟಕಿಗಳನ್ನೆಲ್ಲ ಮುಚ್ಚಿದರೆ ಅದು ಓಡುತ್ತಿದೆಯೋ ನಿಂತಿದೆಯೋ ಯಾವ ಪ್ರಯೋಗದಿಂದಲೂ ಗೊತ್ತಾಗದು ಎಂದೆ. ಹೆತ್ತೂರು ಕಡೆಯ ಧನುಶ್ರೀ ಎದ್ದಳು. ಮೂಲೆಯ ಬೆಂಚಿನ ಮಾತಿಲ್ಲದ ಹುಡುಗಿ.

‘ಮೇಡಂ, ಹೊರಡೋವಾಗ ಗೊತ್ತಾಗುತ್ತಲ್ಲ?’

‘ಶಹಭಾಷ್. ಹೊರಡುವಾಗ ವೇಗ ಬದಲಾಗುತ್ತೆ. ಅದು ವೇಗೋತ್ಕರ್ಷ. ಅದನ್ನು ಕಿಟಕಿ ಮುಚ್ಚಿದ್ದರೂ ಹಿಡಿಯಬಹುದು. ತುಂಬಿದ ಲೋಟ ಇಟ್ಟುಕೊಂಡು ಕೂತಿರು. ಬಸ್ಸು ದಡಕ್ಕನೆ ಹೊರಟರೆ ನೀರು ಹಿಂದಕ್ಕೆ ತುಳುಕುತ್ತೆ. ತುಳುಕಲಿಲ್ಲವೋ, ಬಸ್ಸು ಹೊರಟಿಲ್ಲ, ಅಷ್ಟೆ.’

ಬೋರ್ಡಿನ ಮೇಲೆ ಲೋಟದ ಚಿತ್ರ ಬರೆಯುತ್ತಿದ್ದ ಕೈ ಹಾಗೇ ನಿಂತಿತು. ಮಕ್ಕಳು ನಾನು ಏನೋ ಮರೆತೆನೆಂದುಕೊಂಡು ಪಿಸುಗುಟ್ಟಿದರು.

ಮನೆಗೆ ಬಂದವಳೇ ಚಪ್ಪಲಿ ಬಿಡದೆ ಈ ಪುಸ್ತಕ ತೆಗೆದು ಜೂನ್ ಹದಿನೆಂಟರ ಪುಟ ನೋಡಿದೆ. ಅಂಚಿನವರೆಗೆ ಸುರಿದ ಕಪ್ಪು. ಸೀರೆಯ ಮೇಲೆ ಒಂದು ಹನಿ ಬೀಳಲಿಲ್ಲ. ತುಂಬಿದ ಕಪ್ಪು ಹಾಗೇ ಚೆಲ್ಲಿದ್ದು. ಎಲ್ಲ ನನ್ನದೇ ಅಕ್ಷರ. ಪಳಗಿದ ಕೈಯಂತೆ! ಹೆಂಗಸೊಬ್ಬಳನ್ನು ಬಾಗಿಲಿಂದ ಕೆಡವುವಷ್ಟು ಜೋರಾಗಿ ಬಸ್ಸು ಜಗ್ಗಿದ್ದರೆ ಯಾವ ಕೈಯಾದರೇನು?

ಪಕ್ಕದಲ್ಲಿ, ನನ್ನ ಕಿಟಕಿಗೆ ಅಂಟಿಕೊಂಡ ಹಾಗೆ, ಇನ್ನೊಂದು ಬಸ್ಸಿತ್ತು. ಹೆತ್ತೂರಿನದು. ಗಂಗಾಮಣಿಯನ್ನು ಎತ್ತಲು ನಾವು ಇಳಿದಾಗ ಅದು ಅಲ್ಲಿರಲಿಲ್ಲ. ಇದನ್ನು ನಾನು ಬರೆದೇ ಇಲ್ಲ. ಪ್ರತಾಪನಿಗೂ ಹೇಳಲಿಲ್ಲ, ಅವನೂ ಕೇಳಲಿಲ್ಲ.

ಜುಲೈ 12, ಶನಿವಾರ

ಬೆಳಿಗ್ಗೆ ಏಳೂವರೆಗೇ ಹೋಗಿ ಅದೇ ಸೀಟಿನಲ್ಲಿ ಕೂತೆ. ಹೆತ್ತೂರು ಬಸ್ಸು ಪಕ್ಕಕ್ಕೆ ಬಂದು ನಿಂತಿತು. ಅದರ ಕಿಟಕಿಗಳ ಹೊರತು ನನಗೆ ಬೇರೇನೂ ಕಾಣುತ್ತಿರಲಿಲ್ಲ. ಈಗ ಅದು ಹಿಂದಕ್ಕೆ ಹೋಗುತ್ತದೆ, ನಾವು ನಿಂತೇ ಇರುತ್ತೇವೆ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ.

ಅದು ಹಿಂದಕ್ಕೆ ಸರಿಯಿತು. ನಾನು ಮುಂದಕ್ಕೆ ಹೊರಟೆ. ಕೈ ತಾನಾಗಿ ಮುಂದಿನ ಸೀಟಿನ ಕಂಬಿ ಹಿಡಿಯಿತು. ಗೊತ್ತಿದ್ದೂ ಹಿಡಿಯಿತು! ಘಾಟಿ ಬಸ್ಸಿನಲ್ಲೇ ಬೆಳೆದ ನಮ್ಮ ಕಡೆಯವರ ಮೈಗೆ ಯಾರೂ ಕಲಿಸಬೇಕಿಲ್ಲ, ಬಸ್ಸು ಹೊರಟಿತು ಅನ್ನಿಸಿದ ಕೂಡಲೇ ಹಿಂದಕ್ಕೆ ಬೀಳಬಾರದೆಂದು ಮುಂದಕ್ಕೆ ವಾಲುತ್ತದೆ. ಬಸ್ಸು ನಿಜಕ್ಕೂ ಹೊರಟರೆ ಅದು ಸರಿ. ಹೊರಡದಿದ್ದರೆ ಮುಗ್ಗರಿಸುತ್ತೇವೆ. ನಾನು ಕೂತಿದ್ದೆ. ಗಂಗಾಮಣಿ ಫುಟ್‌ಬೋರ್ಡಿನ ಅಂಚಿನಲ್ಲಿ ನಿಂತಿದ್ದಳು.

ಜುಲೈ 13, ಭಾನುವಾರ

ಇವರಿಗೆ ಹೇಳಿದೆ. ಬೈಯಲಿಲ್ಲ. ‘ನೀನೇ ಹೇಳ್ತೀಯಲ್ಲ, ಎಲ್ಲಾ ಸಾಪೇಕ್ಷ ಅಂತ. ನಿನ್ ಲೆಕ್ಕದಲ್ಲಿ ಬಸ್ಸು ಹೊರಡ್ತು, ಅವನ ಲೆಕ್ಕದಲ್ಲಿ ನಿಂತಿತ್ತು. ಇಬ್ರದೂ ಸರಿ. ಸುಮ್ನಿರು’ ಎಂದರು.

ಯೋಚಿಸಿದರೆ ಅದೂ ನಿಜವೇ. ನಾನು ಸುಳ್ಳು ಹೇಳಿಲ್ಲ, ನನ್ನ ಚೌಕಟ್ಟಿನಲ್ಲಿ ಕಂಡದ್ದನ್ನು ಹೇಳಿದ್ದೇನೆ. ನಾಲ್ಕು ಜನ ಬೇರೆ ಹೇಳಿದ್ದಾರೆ. ಇನ್ನು ಮೂರು ವರ್ಷ ಸರ್ವೀಸ್ ಇರುವಾಗ ಠಾಣೆಗೆ ಹೋಗಿ ನನ್ನ ಕಣ್ಣು ಮೋಸ ಮಾಡಿತು ಅಂದರೆ ಕಾಲೇಜಿನಲ್ಲಿ ತಲೆಯೆತ್ತಿ ಓಡಾಡುವುದು ಹೇಗೆ?

ಜುಲೈ 14, ಸೋಮವಾರ

ಬರೆಯುವಂಥದ್ದೇನೂ ಇಲ್ಲ.

ಜುಲೈ 17, ಗುರುವಾರ

ಉಪನ್ಯಾಸದ ಟಿಪ್ಪಣಿ ಮಾಡುತ್ತಾ ಕೂತರೆ ಸಿದ್ಧಾಂತವೇ ತಿರುಗಿ ಬೀಳುತ್ತಿದೆ. ಇಬ್ಬರದೂ ಸರಿ ಎಂದು ಸಾಪೇಕ್ಷತೆ ಎಲ್ಲಿ ಹೇಳುತ್ತದೆ? ಒಬ್ಬೊಬ್ಬರಿಗೆ ಒಂದೊಂದು ಥರ ಕಾಣುವುದನ್ನೆಲ್ಲ ಬದಿಗಿಟ್ಟು, ಎಲ್ಲರಿಗೂ ಒಂದೇ ಆಗಿರುವುದು ಯಾವುದು ಎಂದು ಹುಡುಕುವುದೇ ಅದರ ಕೆಲಸ. ಬೆಳಕಿನ ವೇಗ ಎಲ್ಲರಿಗೂ ಒಂದೇ. ಕಾಫಿ ತುಳುಕಿತೋ ಇಲ್ಲವೋ ಎನ್ನುವುದೂ ಅಷ್ಟೆ, ನೆಲದ ಮೇಲೆ ನಿಂತು ನೋಡಿದರೂ ಹೆತ್ತೂರು ಬಸ್ಸಿನಿಂದ ನೋಡಿದರೂ ತುಳುಕದ ಕಪ್ಪು ತುಳುಕದ ಕಪ್ಪೇ. ಇವರ ಮಾತು ನನಗೆ ಹಿತವಾಗಿತ್ತು, ಅದಕ್ಕೇ ಒಪ್ಪಿಕೊಂಡೆ. ಕಾಪಿ ಹೊಡೆದ ಮಕ್ಕಳು ಕೊಡುವ ಸಬೂಬೂ ಇಷ್ಟು ಅಗ್ಗವಾಗಿರುವುದಿಲ್ಲ.

ಸಂಜೆ ಸ್ಟ್ಯಾಂಡಿನಲ್ಲಿ ಹೆತ್ತೂರು ಬಸ್ಸಿನ ಡ್ರೈವರ್ ಲೋಹಿತ್‌ನನ್ನು ಹಿಡಿದೆ. ಅವತ್ತು ಎಷ್ಟು ಹೊತ್ತಿಗೆ ರಿವರ್ಸ್ ತೆಗೆದೆ ಎಂದು ಕೇಳಿದೆ.

‘ಎಂಟೂ ಹತ್ತಕ್ಕೇ ಮೇಡಂ. ದಿನಾ ಅದೇ ಟೈಮು. ಆ ಕಡೆ ಮಿರರ್ ನೋಡ್ಕಂಡು ತೆಗ್ದೆ, ಹೋಗ್ಬುಟ್ಟೆ. ಅಮ್ಮ ಬಿದ್ದಿದ್ದು ಹೆತ್ತೂರಿಗೆ ಹೋದ್ಮೇಲೆ ಫೋನಲ್ಲಿ ಗೊತ್ತಾಗಿದ್ದು.’

‘ಯಾರಿಗೂ ಹೇಳಲಿಲ್ವಾ?’

‘ಯಾರೂ ಕೇಳ್ನಿಲ್ಲ ಮೇಡಂ. ನೀವೇ ನೋಡಿದೀರಿ ಅಂದ್ರು.’

ಜುಲೈ 21, ಸೋಮವಾರ

ಮೂರು ದಿನ ನೆಪ ಹುಡುಕಿ, ಇವತ್ತು ಠಾಣೆಗೆ ಹೋದೆ. ಪ್ರತಾಪ್ ಮತ್ತೆ ಎದ್ದು ನಿಂತ. ನಾನು ಹೇಳಿದ್ದನ್ನು ಕೇಳುತ್ತಾ ಕೇಳುತ್ತಾ ಕೂತ.

‘ಮೇಡಂ, ಈಗ ಯಾಕೆ ಇದೆಲ್ಲ? ಚಾರ್ಜ್‌ಶೀಟ್ ಹೋಗಿದೆ. ಅವನೇ ಆಗಸ್ಟ್ ಎಂಟಕ್ಕೆ ಕೋರ್ಟಲ್ಲಿ ತಪ್ಪು ಒಪ್ಕೊಳ್ತಾನಂತೆ. ದಂಡ ಹಾಕ್ತಾರೆ, ಮುಗಿಯುತ್ತೆ.’

‘ಒಪ್ಕೊಳ್ತಾನಾ? ಮಾಡದೇ ಇರೋದನ್ನ?’

‘ಮಾಡಿದೀನಿ ಅಂತ ಅವನೇ ಹೇಳ್ತಿದಾನಲ್ಲ.’

‘ಒಪ್ಪಿಕೊಂಡರೆ ಲೈಸೆನ್ಸ್?’

ಪ್ರತಾಪ್ ಫೈಲು ಮುಚ್ಚಿದ. ಲೈಸೆನ್ಸ್ ಹೋಗುತ್ತದೆ. ಉಳಿದರೂ ಹೆಣ್ಣುಮಗಳ ಸೊಂಟ ಮುರಿದ ಡ್ರೈವರ್ ಎಂದು ಹೆಸರಾದವನಿಗೆ ಯಾವ ಮಾಲೀಕ ಸ್ಟೀರಿಂಗ್ ಕೊಡುತ್ತಾನೆ? ನನ್ನ ಹೊಸ ಹೇಳಿಕೆಯನ್ನು ಕಾಗದದಲ್ಲಿ ಬರೆದು ಕೊಟ್ಟೆ. ತೆಗೆದುಕೊಂಡ, ಆದರೆ ಅವನು ಕೋರ್ಟಿನಲ್ಲಿ ತಪ್ಪೊಪ್ಪಿದರೆ ಇದನ್ನು ಯಾರೂ ಓದುವುದಿಲ್ಲ ಎಂದ. ಅದು ಸಿಟ್ಟಿನ ಮಾತಲ್ಲ, ಇದ್ದದ್ದನ್ನೇ ಹೇಳಿದ.

ಜುಲೈ 23, ಬುಧವಾರ

ಗಂಗಾಮಣಿಯ ಮನೆಗೆ ಹೋದೆ. ವಾಕರ್ ಹಿಡಿದು ಹಿತ್ತಲಿನವರೆಗೆ ನಡೆಯುತ್ತಾಳೆ. ಕಿತ್ತಳೆ ತಗೊಂಡು ಹೋಗಿದ್ದೆ, ಸುಲಿದು ಒಂದೊಂದೇ ತೊಳೆ ಕೊಡುತ್ತಾ ಎಲ್ಲ ಹೇಳಿದೆ. ಅರ್ಧಕ್ಕೇ ಕೈ ಹಿಂದೆಗೆದಳು.

‘ಅಂದ್ರೆ ನಾನು ಸುಮ್‌ಸುಮ್ನೆ ಬಿದ್ನಾ ಮೇಡಂ? ನಾನು ಸುಳ್ಳು ಹೇಳಿದ್ನಾ?’

‘ಇಲ್ಲ ಕಣೇ. ನೀನೂ ಕಂಡದ್ದನ್ನೇ ಹೇಳಿದೆ, ನಾನೂ ಕಂಡದ್ದನ್ನೇ ಹೇಳಿದೆ. ಕಂಡದ್ದೇ ತಪ್ಪು.’

‘ಬಸ್ಸು ಹೋದಂಗಾಯ್ತು ಮೇಡಂ. ದಿನಾ ಹತ್ತೋಳು ನಾನು, ನನ್ ಮೈಗೆ ಗೊತ್ತಾಗಲ್ವಾ?’ ಎಂದು ಅತ್ತಳು. ನಾನು ಠಾಣೆಯಲ್ಲಿ ಆಡಿದ್ದೂ ಇಂಥದ್ದೇ ಮಾತು. ಅವಳು ಮೈಯ ಹೆಸರಲ್ಲಿ ಆಡಿದಳು, ನಾನು ಫಿಸಿಕ್ಸಿನ ಹೆಸರಲ್ಲಿ.

ಕಣ್ಣೊರೆಸಿಕೊಂಡು ಹೇಳಿದಳು: ‘ಹುಚ್ಚಣ್ಣ ಹೋದ್ ವಾರ ಬಂದಿದ್ದ. ಬಾಗಿಲಲ್ಲೇ ಕುಂತು ತಪ್ಪಾಯ್ತಕ್ಕ ಅಂದ. ಕಾಲು ಹಿಡ್ಕಂಡ. ಮಾಡ್ದೇ ಇದ್ರೆ ಯಾಕಂತೆ ಹಿಡ್ಕಂತಾನೆ?’

ಹೊರಡುವಾಗ ಅವಳೇ ಕರೆದು ಉಳಿದ ಕಿತ್ತಳೆ ತೊಳೆ ನನ್ನ ಕೈಗೆ ಹಾಕಿದಳು. ‘ಹೋಗಿ ಕೇಳಿ ಮೇಡಂ. ಅವನದ್ದಲ್ಲದ್ದು ಅವನ ತಲೆಗೆ ಬ್ಯಾಡ’ ಎಂದಳು.

ಜುಲೈ 26, ಶನಿವಾರ

ಉಪನ್ಯಾಸ ಮುಗಿಯಿತು. ಬೆಳಕು, ಗಡಿಯಾರ ಎಲ್ಲ ಹೇಳಿದೆ, ಚಪ್ಪಾಳೆ ಬಿತ್ತು. ಬಸ್ಸಿನ ಉದಾಹರಣೆ ಬಂದಲ್ಲಿ ಟಿಪ್ಪಣಿ ಬಿಟ್ಟು ನನ್ನ ಕಥೆಯನ್ನೇ ಹೇಳಿದೆ, ಹೆಸರುಗಳನ್ನು ಹೇಳಲಿಲ್ಲ. ಅವು ಎಲ್ಲರಿಗೂ ಗೊತ್ತೇ ಇದ್ದವು. ಪ್ರಿನ್ಸಿಪಾಲರು ವಂದನಾರ್ಪಣೆಯಲ್ಲಿ ಆ ಭಾಗ ಬಿಟ್ಟು ಹೊಗಳಿದರು.

ಧನುಶ್ರೀ ಬಂದು ‘ಮೇಡಂ, ಮತ್ತೆ ಆ ಡ್ರೈವರ್?’ ಎಂದು ಕೇಳಿದಳು. ನಾಳೆ ಹೋಗುತ್ತೇನೆ ಎಂದೆ.

ಜುಲೈ 27, ಭಾನುವಾರ

ಹಾನುಬಾಳಿನ ಹತ್ತಿರ ಒಂದು ಎಸ್ಟೇಟಿನಲ್ಲಿ ಹುಚ್ಚಣ್ಣ ಮೆಣಸಿನ ಬಳ್ಳಿ ಕಟ್ಟುವ ಕೆಲಸಕ್ಕೆ ಹೋಗುತ್ತಿದ್ದಾರೆ. ಅಲ್ಲಿ ಲೆಕ್ಕ ಬರೆಯುವ ರೈಟರನ್ನು ಕೇಳಿಕೊಂಡು ತೋಟದೊಳಗೆ ಹೋದೆ. ಇಂಬಳ ಜಿಗಣೆ ಹತ್ತಿ ನನ್ನ ಕಾಲೆಲ್ಲ ರಕ್ತ. ಏಣಿಯ ಮೇಲಿದ್ದವರು ನನ್ನನ್ನು ನೋಡಿ ಇಳಿದು ತಲೆಯ ಮಳೆಗೊಪ್ಪೆ ತೆಗೆದು ನಿಂತರು. ಇಪ್ಪತ್ತೆರಡು ವರ್ಷ ಬಸ್ಸು ಓಡಿಸಿದ ಮನುಷ್ಯ. ಅವರ ಬಸ್ಸಿನಲ್ಲಿ ಅಷ್ಟು ವರ್ಷ ಕೂತೂ ಅವರ ಮುಖವನ್ನು ನಾನು ನೆಟ್ಟಗೆ ನೋಡಿದ್ದು ಇವತ್ತೇ ಇರಬೇಕು.

ನನ್ನದು ತಪ್ಪು, ಬಸ್ಸು ನಿಂತಿತ್ತು ಎಂದೆ. ಕಪ್ಪಿನ ವಿಷಯ, ಲೋಹಿತ್ ಹೇಳಿದ್ದು, ಎಲ್ಲ ಹೇಳಿದೆ. ಅವರು ಸಮಾಧಾನಪಡುತ್ತಾರೆ ಎಂದುಕೊಂಡಿದ್ದೆ.

‘ಬ್ಯಾಡ ಬುಡಿ ಮೇಡಂ. ನೀವು ದೊಡ್ಡ ಮನಸ್ಸು ಮಾಡಿ ಹೇಳ್ತಾ ಇದೀರಿ. ಬಸ್ಸು ಹೋಗೈತೆ.’

‘ಅವತ್ತು ಇಲ್ಲ ಅಂದ್ರಲ್ಲ?’

‘ಅವತ್ತು ಅಂದೆ. ಆಮೇಲೆ ಒಬ್ನೇ ಕುಂತು ಯೋಚ್ನೆ ಮಾಡ್ದಾಗ ನೆನಪಾಯ್ತು. ಅವಮ್ಮ ಬೀಳೋ ಟೈಮಿಗೆ ನಾನು ಬ್ರೇಕ್ ಒತ್ತಿದ್ದೆ. ಕಾಲಿಗೆ ಚೆನ್ನಾಗಿ ನೆನಪೈತೆ. ನಿಂತಿರೋ ಬಸ್ಸಿಗೆ ಯಾರಾದ್ರೂ ಬ್ರೇಕ್ ಒತ್ತಾರಾ ಮೇಡಂ? ಹ್ಯಾಂಡ್‌ಬ್ರೇಕ್ ಹಾಕಿದ್ದೆ ಅಂತ ನಾನು ಅನ್ಕಂಡಿದ್ದೆ, ಹಾಕಿಲ್ಲ. ಹೋಗ್ಬುಟ್ಟೈತೆ. ನೀವೂ ಅಂಗೇ ಅಂದ್ರಿ. ಓದಿದೋರು, ನೀವ್ಯಾಕೆ ತಪ್ಪು ಹೇಳ್ತೀರಿ?’

ವಾದಿಸಿದೆ, ಲೆಕ್ಕ ಹೇಳಿದೆ. ಅವರು ಹೂಂ ಹೂಂ ಎಂದರು. ನನ್ನ ಮಾತನ್ನು ಮೊದಲ ಸಲ ನಂಬಿದ ಹಾಗೆ ಈ ಸಲ ನಂಬಲಿಲ್ಲ. ‘ಇನ್ನು ಸ್ಟೀರಿಂಗ್ ಮುಟ್ಟಲ್ಲ ಮೇಡಂ. ನಂಗೇ ನನ್ ಮೇಲೆ ನಂಬಿಕೆ ಹೋಗೈತೆ’ ಎಂದು ಏಣಿ ಹತ್ತಿದರು.

ನಾನು ಅವರ ಕೆಲಸ ಕಿತ್ತುಕೊಂಡೆ ಎಂದಷ್ಟೇ ತಿಳಿದಿದ್ದೆ.

ಜುಲೈ 30, ಬುಧವಾರ

ಊಟ ಸೇರುತ್ತಿಲ್ಲ. ಇವರು ಇವತ್ತು ತಾವೇ ರೊಟ್ಟಿ ತಟ್ಟಿದರು, ಕರ್ನಾಟಕದ ನಕ್ಷೆ ತಟ್ಟಿದ್ದಾರೆ. ‘ಬ್ರೇಕ್ ಒತ್ತಿದ್ದು ನಿಜ ಅಂತಾನೇ ಇಟ್ಕೋ. ನೀನು ಆವತ್ತು ಪ್ರಯೋಗಕ್ಕೆ ಕೂತಾಗ ಕಂಬಿ ಹಿಡಿದಿದ್ದೂ ನಿಜ ತಾನೆ?’ ಎಂದರು.

ಮೂವತ್ತೊಂದು ವರ್ಷ ಪಾಠ ಮಾಡಿದ್ದು ನಾನು, ಹೊಳೆದದ್ದು ಇವರಿಗೆ. ಎದ್ದು ಹೋಗಿ ಎಸ್ಟೇಟಿನ ರೈಟರಿಗೆ ಫೋನು ಮಾಡಿ, ಹುಚ್ಚಣ್ಣನವರನ್ನು ಭಾನುವಾರ ಬೆಳಿಗ್ಗೆ ಸ್ಟ್ಯಾಂಡಿಗೆ ಬರಹೇಳಿ ಎಂದೆ.

ಆಗಸ್ಟ್ 3, ಭಾನುವಾರ

ಹುಚ್ಚಣ್ಣನವರು ಸ್ಟ್ಯಾಂಡಿಗೆ ಬಂದರು. ಬರುತ್ತಾರೆಂಬ ಧೈರ್ಯವಿರಲಿಲ್ಲ. ಒಗೆದ ಬಿಳಿ ಅಂಗಿ ಹಾಕಿಕೊಂಡಿದ್ದರು. ನಾನು ಏನೂ ವಿವರಿಸಲಿಲ್ಲ, ವಿವರಿಸುವುದರ ಮೇಲೆ ನನಗೇ ಬೇಸರ ಬಂದಿದೆ. ‘ನನ್ನ ಸೀಟಿನಲ್ಲಿ ಕೂತ್ಕೊಳ್ಳಿ’ ಎಂದೆ.

‘ಈ ಕಡೆ ಕುಂತೇ ಇಲ್ಲ ಮೇಡಂ ನಾನು’ ಎಂದು ಸಂಕೋಚದಿಂದ ಕೂತರು. ನಿಜ, ಇಪ್ಪತ್ತೆರಡು ವರ್ಷದಲ್ಲಿ ಅವರ ಜಾಗ ಒಂದೇ. ನಾನು ಪಕ್ಕದಲ್ಲಿ ಕೂತೆ. ಡ್ರೈವರ್ ಸೀಟು ಖಾಲಿಯಿತ್ತು, ಇಂಜಿನ್ ಬಂದ್ ಆಗಿತ್ತು, ಕೀಲಿಯೂ ಇರಲಿಲ್ಲ. ಅದನ್ನು ಅವರು ಬಗ್ಗಿ ನೋಡಿ ಖಾತ್ರಿ ಮಾಡಿಕೊಂಡರು. ಕಿಟಕಿಯಾಚೆ ಹೆತ್ತೂರು ಬಸ್ಸು.

‘ಹೊರಗೆ ನೋಡ್ತಾ ಇರಿ, ಸಾಕು’ ಎಂದೆ.

ಎಂಟೂ ಹತ್ತಕ್ಕೆ ಲೋಹಿತ್ ರಿವರ್ಸ್ ತೆಗೆದ. ಹುಚ್ಚಣ್ಣನವರ ಬಲಗಾಲು ಧಡ್ ಎಂದು ತಗಡಿನ ನೆಲಕ್ಕೆ ಹೊಡೆಯಿತು. ಹಿಂದೆ ಕೂತಿದ್ದ ಹೆಂಗಸೊಬ್ಬಳು ಬೆಚ್ಚಿ ‘ಏನಾಯ್ತು’ ಎಂದಳು. ಹೆತ್ತೂರು ಬಸ್ಸು ಹಿಂದೆ ಹಿಂದೆ ಹೋಗಿ ಕಿಟಕಿ ಖಾಲಿಯಾಯಿತು. ಎದುರಿನ ಅಂಗಡಿಗಳು ಇದ್ದಲ್ಲೇ ಇದ್ದವು.

ಅವರ ಕಾಲು ಇನ್ನೂ ನೆಲವನ್ನು ಒತ್ತಿಕೊಂಡೇ ಇತ್ತು. ಅದನ್ನೇ ಬಗ್ಗಿ ನೋಡಿದರು.

‘ಒತ್ತಿದೆ ಮೇಡಂ.’

‘ಹೂಂ.’

‘ನಿಂತಿರೋ ಬಸ್ಸಿಗೆ ಒತ್ತಿದೆ.’

‘ಹೂಂ.’

ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಸದ್ದಿಲ್ಲದೆ ಅಳುತ್ತಿದ್ದಾರೆ ಎಂದು ಹೆಗಲು ನೋಡಿ ಗೊತ್ತಾಯಿತು. ‘ನಾನಲ್ಲ ಕಣ್ರೀ. ನಾನಲ್ಲ’ ಎಂದರು, ಯಾರಿಗೆ ಹೇಳಿದರೋ. ನನಗೂ ತಡೆಯಲಾಗಲಿಲ್ಲ. ಕ್ಷಮಿಸಿ ಎಂದೆ. ಇಳಿಯುವಾಗ ‘ಹುಷಾರು ಮೇಡಂ, ಮೆಟ್ಟಿಲು ಒದ್ದೆ ಐತೆ’ ಎಂದು ಕೈ ಕೊಟ್ಟರು.

ಆಗಸ್ಟ್ 8, ಶುಕ್ರವಾರ

ಕೋರ್ಟು. ನಾನು ರಜೆ ಹಾಕಿ ಹೋಗಿದ್ದೆ, ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಮ್ಯಾಜಿಸ್ಟ್ರೇಟರು ಆರೋಪ ಓದಿ ಹೇಳಿ ತಪ್ಪು ಒಪ್ಪುತ್ತೀಯಾ ಎಂದು ಕೇಳಿದರು. ಹುಚ್ಚಣ್ಣನವರು ಒಂದು ಸಲ ಹಿಂದೆ ತಿರುಗಿ ನೋಡಿದರು.

‘ಇಲ್ಲ ಸ್ವಾಮಿ. ಬಸ್ಸು ನಿಂತಿತ್ತು’ ಎಂದರು.

ಜೋರಾಗಿಯೇ ಹೇಳಿದರು. ಪ್ರತಾಪ್ ನನ್ನ ಕಡೆ ನೋಡಿ ತಲೆ ಅಲ್ಲಾಡಿಸಿದ. ಕೇಸು ಇನ್ನು ವಿಚಾರಣೆಗೆ. ಮುಂದಿನ ತಾರೀಖಿಗೆ ಮೊದಲನೇ ಸಾಕ್ಷಿ ನಾನೇ. ಹೊರಗೆ ಹುಚ್ಚಣ್ಣನವರ ವಕೀಲರು ಸಿಕ್ಕಿ ಮೊದಲೇ ಎಚ್ಚರಿಸಿದರು. ನಾನು ಮಾತು ತಿರುಗಿಸಿದೆನೆಂದು ಸರ್ಕಾರಿ ವಕೀಲರು ಸುಮ್ಮನೆ ಬಿಡುವುದಿಲ್ಲವಂತೆ, ಠಾಣೆಯಲ್ಲಿ ನಾನು ಆಡಿದ ಮಾತನ್ನೇ ಎಲ್ಲರೆದುರು ಓದುತ್ತಾರಂತೆ. ‘ಫಿಸಿಕ್ಸ್ ಓದಿಸೋರು ನೀವು. ಯಾವುದು ಚಲಿಸ್ತಿದೆ, ಯಾವುದು ನಿಂತಿದೆ ಅಂತ ನಿಮಗೆ ಗೊತ್ತಾಗಲಿಲ್ವಾ?’ ಎಂದು ಕೇಳಿಯೇ ಕೇಳುತ್ತಾರಂತೆ.

ಗೊತ್ತಾಗಲಿಲ್ಲ ಎಂದು ಹೇಳುತ್ತೇನೆ.